ಮೊಲದ ಹಿಕ್ಕೆ ಮತ್ತು ನೆನೆದ ಹಾಸು: ಎಸೆಯುವ ಮುನ್ನ

ಮೊಲ ಸಾಕಿದವರ ಮನೆಯಲ್ಲಿ ಮೊದಲ ದೂರು ವಾಸನೆಯದು. ಆ ದೂರನ್ನು ಹಿಕ್ಕೆಯ ಮೇಲೆ ಹಾಕುವ ಮುನ್ನ ಒಂದೇ ಒಂದು ಹಿಕ್ಕೆಯನ್ನು ಕಾಗದದ ಮೇಲಿಟ್ಟು ಕಡ್ಡಿಯಿಂದ ಒಡೆದು ನೋಡಿ. ಕಡಲೆಕಾಳಿನಷ್ಟು ದಪ್ಪ, ದುಂಡಗೆ, ಹಗುರವಾಗಿರುತ್ತದೆ. ಒಳಗೆ ಪುಡಿಯಾದ ಹುಲ್ಲಿನ ನಾರಲ್ಲದೆ ಬೇರೇನೂ ಕಾಣುವುದಿಲ್ಲ, ಮೂಗಿನ ಹತ್ತಿರ ತಂದರೂ ವಾಸನೆ ಅಷ್ಟಕ್ಕಷ್ಟೆ. ಮನೆಯನ್ನು ನಾರಿಸುವುದು ಮೂತ್ರ, ಮತ್ತು ಆ ಮೂತ್ರದಲ್ಲಿ ನೆನೆದ ಹುಲ್ಲು. ಹಿಕ್ಕೆ ಬೇರೆ, ನೆನೆದ ಹಾಸು ಬೇರೆ. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮೂಲೆಗಿಟ್ಟರೆ ಮಾರನೆಯ ದಿನಕ್ಕೆ ಒಳ್ಳೆಯ ಗೊಬ್ಬರವೂ ಕೆಟ್ಟಿರುತ್ತದೆ, ಮನೆಯೂ ನಾರುತ್ತದೆ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಮೊಮ್ಮಕ್ಕಳ ಆಸೆಗೆಂದು ಮೊಲ ತಂದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಹಿಕ್ಕೆಯ ಬೆಲೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ತಿಳಿಸಬೇಕಿಲ್ಲ. ಜಗಳೂರು, ಚಳ್ಳಕೆರೆಯ ಕಡೆ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿದ್ದಕ್ಕೆ ರೈತರು ಕುರಿಗಾಹಿಗಳಿಗೆ ದುಡ್ಡನ್ನೋ ಕಾಳನ್ನೋ ಕೊಡುವುದು ಹಿಂದಿನಿಂದ ಬಂದ ರೂಢಿ. ಮೊಲದ ಹಿಕ್ಕೆಯೂ ಅದೇ ಜಾತಿಯ ಗೊಬ್ಬರ. ಹಸಿ ಸಗಣಿಯಲ್ಲಿ ಸಾರಜನಕ ಶೇಕಡಾ ಅರ್ಧದಷ್ಟಿದ್ದರೆ ಮೊಲದ ಹಿಕ್ಕೆಯಲ್ಲಿ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ, ರಂಜಕವೂ ಹೆಚ್ಚು. ಹಾಗಿದ್ದೂ ಕೋಳಿಗೊಬ್ಬರದ ಹಾಗೆ ಗಿಡದ ಬೇರನ್ನು ಸುಡುವುದಿಲ್ಲ. ಒಂದು ದೊಡ್ಡ ಮೊಲ ದಿನಕ್ಕೆ ಇನ್ನೂರು, ಮುನ್ನೂರು ಹಿಕ್ಕೆ ಹಾಕುತ್ತದೆ. ಹತ್ತಾರು ಕುಂಡಗಳಿರುವ ಮನೆಗೆ ಒಂದು ಜೋಡಿ ಮೊಲದ ಹಿಕ್ಕೆ ಸಾಕು, ಅಂಗಡಿಯಿಂದ ಗೊಬ್ಬರ ತರುವ ಅಗತ್ಯವೇ ಬೀಳುವುದಿಲ್ಲ.

ಎರಡನ್ನೂ ಬೇರ್ಪಡಿಸುವ ಕೆಲಸ ಗೂಡಿನಲ್ಲೇ ಆಗಬೇಕು. ಮೊಲ ಸ್ವಭಾವತಃ ಮೂತ್ರಕ್ಕೆ ಒಂದು ಮೂಲೆಯನ್ನು ಗೊತ್ತುಮಾಡಿಕೊಳ್ಳುತ್ತದೆ. ಯಾವ ಮೂಲೆ ಎಂದು ಒಂದೆರಡು ದಿನ ಗಮನಿಸಿ ಅಲ್ಲೇ ಅಂಚು ಎತ್ತರವಿರುವ ಒಂದು ತಟ್ಟೆ ಇಡಿ. ತಳಕ್ಕೆ ನಾಲ್ಕು ಪದರ ಹಳೆಯ ದಿನಪತ್ರಿಕೆ, ಅದರ ಮೇಲೆ ಎರಡು ಬೆರಳು ದಪ್ಪ ಮರದ ಹೊಟ್ಟು, ಮೇಲೆ ಒಂದು ಹಿಡಿ ಒಣಹುಲ್ಲು. ಹುಲ್ಲು ಮೆಲ್ಲುತ್ತಲೇ ವಿಸರ್ಜನೆ ಮಾಡುವುದು ಮೊಲದ ಅಭ್ಯಾಸ, ಆದ್ದರಿಂದ ಮೇವನ್ನು ಅದೇ ಮೂಲೆಗೆ ಇಟ್ಟರೆ ಬೇಗ ರೂಢಿಯಾಗುತ್ತದೆ. ಮೊದಮೊದಲು ಬೇರೆಡೆ ಬಿದ್ದ ಹಿಕ್ಕೆಯನ್ನೂ ಆರಿಸಿ ಆ ತಟ್ಟೆಗೇ ಹಾಕಿ. ಇಷ್ಟಾದರೆ ಇಡೀ ಗೂಡಿನ ಹಾಸು ಕೆಡುವುದಿಲ್ಲ, ಎತ್ತಿ ಹಾಕಬೇಕಾದದ್ದು ಆ ಒಂದು ತಟ್ಟೆ ಮಾತ್ರ. ಕೆಳಗೆ ಜಾಲರಿ ಇರುವ ಗೂಡಾದರೆ ಅರ್ಧ ಭಾಗಕ್ಕಾದರೂ ಹಲಗೆ ಹಾಕಿ. ಮೊಲದ ಪಾದದಡಿಯಲ್ಲಿ ನಾಯಿಗಿರುವಂಥ ಮೆತ್ತೆ ಇಲ್ಲ, ಬರೀ ತಂತಿಯ ಮೇಲೆ ನಿಂತರೆ ಹುಣ್ಣಾಗುತ್ತದೆ.

ಗೂಡಿನ ಹಾಸಾಗಿ ಏನು ಹಾಕುತ್ತೀರಿ ಎನ್ನುವುದರ ಮೇಲೆ ಮುಂದೆ ಅದು ಹೇಗೆ ಕೊಳೆಯುತ್ತದೆ ಎನ್ನುವುದು ನಿಂತಿದೆ. ನಮ್ಮ ಊರಿನಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆಂದು ಅದನ್ನೇ ಸುರಿಯುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಹೊಟ್ಟು ನೀರು ಹೀರುವುದಿಲ್ಲ, ಮೂತ್ರ ನೇರ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಗೊಬ್ಬರದ ಗುಂಡಿಯಲ್ಲೂ ಅದು ಬೇಗ ಕರಗುವುದಿಲ್ಲ. ಭದ್ರಾ ನಾಲೆಯ ಬಯಲಿನಲ್ಲಿ ಸಿಗುವ ಭತ್ತದ ಹುಲ್ಲು ಒಳ್ಳೆಯದು, ಗೇಣುದ್ದಕ್ಕೆ ಕತ್ತರಿಸಿ ಹಾಕಿದರೆ ಎತ್ತುವುದೂ ಸುಲಭ, ಕೊಳೆಯುವುದೂ ಬೇಗ. ಮರದ ಹೊಟ್ಟು ಮೂತ್ರವನ್ನು ಚೆನ್ನಾಗಿ ಹೀರುತ್ತದೆ. ಆದರೆ ಪ್ಲೈವುಡ್ ಕೊಯ್ದ ಪುಡಿ ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ, ಮೊಲದ ಉಸಿರಿಗೂ ಕೇಡು, ಗಿಡದ ಮಣ್ಣಿಗೂ ಕೇಡು. ದೇವದಾರು, ಪೈನ್‌ನಂಥ ಘಮಘಮ ಎನ್ನುವ ಮರದ ಪುಡಿಯೂ ಬೇಡ. ಬಡಗಿಯನ್ನು ಕೇಳಿಯೇ ತನ್ನಿ. ಶೇಂಗಾ ಸಿಪ್ಪೆ ಚಳ್ಳಕೆರೆಯ ಕಡೆ ರಾಶಿಗಟ್ಟಲೆ ಸಿಗುತ್ತದೆ, ಆದರೆ ತೇವ ತಗುಲಿದರೆ ಬೇಗ ಬೂಸಲು ಹಿಡಿಯುತ್ತದೆ. ಮೊಲ ಅದನ್ನು ಕಡಿಯುವ ಪ್ರಾಣಿ, ಆದ್ದರಿಂದ ಅದೂ ಬೇಡ. ಬೆಕ್ಕಿಗೆಂದು ಮಾರುವ, ನೀರು ಬಿದ್ದರೆ ಗಟ್ಟಿಯಾಗುವ ಮಣ್ಣನ್ನು ಹತ್ತಿರವೂ ತರಬೇಡಿ. ಮೊಲ ತಿಂದರೆ ಹೊಟ್ಟೆಯಲ್ಲೇ ಗಟ್ಟಿಯಾಗುತ್ತದೆ.

ತಟ್ಟೆಯನ್ನು ದಿನವೂ ನೋಡಬೇಕು. ಒದ್ದೆಯಾದ ಭಾಗವನ್ನು ಮಾತ್ರ ಎತ್ತಿ ಹೊಸದನ್ನು ಹಾಕಿದರೆ ಎರಡು ನಿಮಿಷದ ಕೆಲಸ. ಪೂರ್ತಿ ಖಾಲಿ ಮಾಡಿ ತೊಳೆಯುವುದು ವಾರಕ್ಕೆ ಒಮ್ಮೆಯೋ ಎರಡು ಬಾರಿಯೋ ಸಾಕು, ಏಪ್ರಿಲ್, ಮೇ ಬಿಸಿಲಿನಲ್ಲಿ ಇನ್ನೂ ಬೇಗ. ಬಿಸಿಲಿಗೆ ಮೂತ್ರದಿಂದ ಅಮೋನಿಯಾ ಬೇಗ ಏಳುತ್ತದೆ. ನಿಮ್ಮ ಕಣ್ಣಿಗೆ ಉರಿ ತಗುಲುವ ಹೊತ್ತಿಗೆ ನೆಲಮಟ್ಟದಲ್ಲಿ ಮೂಗಿಟ್ಟು ಮಲಗುವ ಮೊಲ ಅದನ್ನು ಇಡೀ ರಾತ್ರಿ ಕುಡಿದಿರುತ್ತದೆ. ಸೀನು, ಮೂಗು ಸೋರುವುದು, ಮುಂಗಾಲಿನ ತುಪ್ಪಳ ಅಂಟಂಟಾಗುವುದು ಹೀಗೆ ಶುರುವಾಗಿ ಕೊನೆಗೆ ಪುಪ್ಪುಸಕ್ಕೆ ಇಳಿಯುತ್ತದೆ. ಗೂಡಿನ ಶುಚಿ ನಮ್ಮ ಮೂಗಿಗಾಗಿ ಅಷ್ಟೇ ಅಲ್ಲ, ಆ ಮೂಕಪ್ರಾಣಿಯ ಉಸಿರಿಗಾಗಿ.

ಒಣಗಿದ ಹಾಸನ್ನು ಮನೆಯೊಳಗೆ ಕೊಡವಬೇಡಿ. ಅಂಗಳಕ್ಕೋ ಮಾಳಿಗೆಗೋ ಒಯ್ದು, ಮೇಲೆ ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಎತ್ತಿ. ಆಸ್ತಮಾ ಇರುವವರು, ದೊಡ್ಡ ಕಾಯಿಲೆಗೆ ಔಷಧಿ ತೆಗೆದುಕೊಂಡು ರೋಗನಿರೋಧಕ ಶಕ್ತಿ ಕುಗ್ಗಿರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ. ಮಕ್ಕಳು ಮಾಡಲಿ, ಮಾಡಲೇಬೇಕು, ಆದರೆ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದನ್ನು ನಿಂತು ನೋಡಿ.

ತಟ್ಟೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತದೆ. ಅದು ನಿಜವಾಗಿಯೂ ಸುಣ್ಣದಂಶವೇ. ಮೊಲ ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಬೇಕೋ ಬೇಡವೋ ಎಲ್ಲವನ್ನೂ ಹೀರಿಕೊಂಡು, ಮಿಕ್ಕಿದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಸಾರಿಗೆ ಹಿಂಡಿ ಉಳಿದ ಹುಣಸೆಯ ಹಿಪ್ಪೆಯನ್ನೋ ವಿನೆಗರ್ ಅನ್ನೋ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಸಣ್ಣಗೆ ನೊರೆಯೆದ್ದು ಪದರ ಬಿಡುತ್ತದೆ. ಆಮೇಲೆ ತೊಳೆದು ಬಿಸಿಲಿಗೆ ಬೋರಲು ಹಾಕಿ. ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ: ಮೂತ್ರ ಬಿದ್ದ ತಟ್ಟೆಗೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಅದು ಅಮೋನಿಯಾ ಜೊತೆ ಸೇರಿದರೆ ವಿಷದ ಅನಿಲ ಏಳುತ್ತದೆ, ಹುಳಿಯ ಜೊತೆ ಸೇರಿದರೆ ಕ್ಲೋರಿನ್ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಹೀಗೆ ಮಾಡುವುದು ಜೀವಕ್ಕೆ ಅಪಾಯ. ಮೂತ್ರದ ಬಣ್ಣ ಕೆಲವೊಮ್ಮೆ ಕಿತ್ತಳೆಗೋ ಕೆಂಪಿಗೋ ತಿರುಗುತ್ತದೆ. ತಿಂದ ಸೊಪ್ಪಿನ ಬಣ್ಣವೂ ಹಾಗೆ ಬರುತ್ತದೆ, ನೋಡಿದ ಕೂಡಲೇ ರಕ್ತವೆಂದು ಗಾಬರಿಯಾಗಬೇಡಿ. ಎರಡು ದಿನ ಕಳೆದರೂ ಬದಲಾಗದಿದ್ದರೆ, ಮೊಲ ತಿಣುಕುತ್ತಿದ್ದರೆ, ಪಶುವೈದ್ಯರ ಬಳಿ ಒಯ್ಯಿರಿ.

ಈಗ ವಿಲೇವಾರಿಯ ಮಾತು. ಒಣ ಹಿಕ್ಕೆಯನ್ನು ಆರಿಸಿ ಹಳೆಯ ಬುಟ್ಟಿಯಲ್ಲೋ ಗೋಣಿಚೀಲದಲ್ಲೋ ಹಾಕಿ, ಗಾಳಿಯಾಡಬೇಕು. ದಾಸವಾಳ, ಗುಲಾಬಿ, ಕನಕಾಂಬರ, ಕರಿಬೇವಿಗೆ ತಿಂಗಳಿಗೊಮ್ಮೆ ಒಂದು ಹಿಡಿ, ಕಾಂಡಕ್ಕೆ ತಾಗದ ಹಾಗೆ ಕುಂಡದ ಅಂಚಿನ ಸುತ್ತ ಉದುರಿಸಿ ಮೇಲೆ ಎರಡು ಬೆರಳು ಮಣ್ಣು ಮುಚ್ಚಿ. ಮುಚ್ಚದಿದ್ದರೆ ಒಣಗಿ ಅಲ್ಲೇ ಗುಂಡಾಗಿ ಉಳಿಯುತ್ತದೆ, ಸಾರವೂ ಗಾಳಿಗೆ ಹೋಗುತ್ತದೆ. ಕೊತ್ತಂಬರಿ, ಮೂಲಂಗಿ, ಸೌತೆಯಂತೆ ಹಸಿಯಾಗಿ ತಿನ್ನುವ ಬೆಳೆಗೆ ಹಸಿ ಹಿಕ್ಕೆ ಬೇಡ, ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ. ಗೊಬ್ಬರವನ್ನು ನೀರಿನಲ್ಲಿ ನೆನೆಸಿ ‘ಗೊಬ್ಬರದ ಚಹಾ’ ಮಾಡಿ ಎಲೆಗೆ ಸಿಂಪಡಿಸುವ ಪದ್ಧತಿಯನ್ನೂ ತಿನ್ನುವ ಸೊಪ್ಪಿಗೆ ನಾನು ಒಪ್ಪುವುದಿಲ್ಲ.

ನೆನೆದ ಹಾಸನ್ನು ಹಾಕಲು ಗೊಬ್ಬರದ ಡ್ರಮ್ಮೇ ಸರಿಯಾದ ಜಾಗ. ಗೊಬ್ಬರವಾಗಲು ಬೇಕಾದದ್ದು ಎರಡು, ಒಣ ಕಸದ ಇಂಗಾಲ ಮತ್ತು ಹಸಿ ಕಸದ ಸಾರಜನಕ. ಹುಲ್ಲು ಒಂದನ್ನು, ಮೂತ್ರ ಮತ್ತೊಂದನ್ನು ತಾವಾಗಿಯೇ ತಂದುಬಿಟ್ಟಿವೆ, ಆದ್ದರಿಂದ ಅಡುಗೆಮನೆಯ ಕಸಕ್ಕಿಂತ ಇದು ಸುಲಭವಾಗಿ ಕಳಿಯುತ್ತದೆ. ಹಳೆಯ ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೂ ಮೈಗೂ ಕಿರುಬೆರಳು ಹೋಗುವಷ್ಟು ತೂತು ಹಾಕಿಸಿ, ಎರಡು ಇಟ್ಟಿಗೆಯ ಮೇಲೆ ಎತ್ತರಿಸಿ ನೆರಳಿನಲ್ಲಿಡಿ. ಬಾವಿ, ಕೊಳವೆಬಾವಿಯಿಂದ ದೂರವಿರಲಿ. ತಳಕ್ಕೆ ಗೇಣು ದಪ್ಪ ಹೊಂಗೆಯ ಒಣ ಎಲೆ, ಅದರ ಮೇಲೆ ಹಾಸು, ಮೇಲೊಂದು ತೆಳು ಪದರ ಮಣ್ಣು. ಮೊದಲ ಸಲ ಒಂದು ತಂಬಿಗೆ ಸಗಣಿ ನೀರು ಚಿಮುಕಿಸಿದರೆ ಕೆಲಸ ಬೇಗ ಹತ್ತುತ್ತದೆ. ಪ್ರತಿ ಸಲ ಹಾಸು ಸುರಿದಾಗಲೂ ಮಣ್ಣಿನಿಂದ ಮುಚ್ಚುವುದನ್ನು ಮಾತ್ರ ಮರೆಯಬೇಡಿ, ನೊಣಕ್ಕೆ ದಾರಿ ತಪ್ಪುವುದು ಅಲ್ಲೇ.

ಹದ ನೋಡುವುದು ಕೈಯಲ್ಲಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಸರಿ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಬೇಕು, ಹಿಂಡಿದ್ದು ಉದುರಿ ಹೋದರೆ ನೀರು ಬೇಕು. ಅಮೋನಿಯಾ ಮೂಗಿಗೆ ರಾಚಿದರೆ ಮೂತ್ರ ಹೆಚ್ಚಾಗಿ ಹುಲ್ಲು ಕಡಿಮೆಯಾಗಿದೆ ಎಂದರ್ಥ, ಎಲೆಯನ್ನೋ ಹರಿದ ದಿನಪತ್ರಿಕೆಯನ್ನೋ ಸೇರಿಸಿ ಬುಡಮೇಲು ಮಾಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ವಾರ, ಹತ್ತು ದಿನಕ್ಕೊಮ್ಮೆ ಕೋಲಿನಿಂದ ಕೆದಕಿದರೆ ಎರಡೂ ಬರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ರಾಶಿಯ ನಡುವೆ ಕೈ ಇಟ್ಟರೆ ಹೆಚ್ಚು ಹೊತ್ತು ಇಡಲಾಗದಷ್ಟು ಬಿಸಿ ಇರುತ್ತದೆ. ಕಳೆಯ ಬೀಜವೂ ಹೆಚ್ಚಿನ ರೋಗಾಣುಗಳೂ ಸಾಯುವುದು ಈ ಕಾವಿನಲ್ಲೇ. ಚಿಕ್ಕ ಡ್ರಮ್ಮಿನಲ್ಲಿ ಅಷ್ಟು ಕಾವು ಹುಟ್ಟದಿದ್ದರೆ ಬೇಸರ ಬೇಡ, ಅದು ನಿಧಾನವಾಗಿ ಕಳಿಯುತ್ತದೆ, ಅಷ್ಟೇ. ನಮ್ಮ ಬೇಸಿಗೆಯಲ್ಲಿ ರಾಶಿ ಒಣಗಿ ಕೆಲಸ ನಿಂತುಹೋಗುತ್ತದೆ, ಒದ್ದೆ ಗೋಣಿ ಹೊದಿಸಿ. ಮಳೆಗಾಲದಲ್ಲಿ ಮೇಲೊಂದು ತಗಡು ಬೇಕು, ನೆನೆದರೆ ಸಾರವೆಲ್ಲ ತೂತಿನಿಂದ ಸೋರುತ್ತದೆ. ಹುಲ್ಲಿನ ಹಾಸು ಮೂರು ತಿಂಗಳ ಆಚೀಚೆ ಕಪ್ಪಾಗಿ ಪುಡಿಯಾಗುತ್ತದೆ, ಮರದ ಹೊಟ್ಟಿಗೆ ಆರು ತಿಂಗಳೂ ಬೇಕಾಗಬಹುದು. ಅರೆಬರೆ ಕಳಿತ ಮರದ ಹೊಟ್ಟನ್ನು ಕುಂಡಕ್ಕೆ ಹಾಕಬೇಡಿ, ಅದು ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಂಡು ಗಿಡವನ್ನು ಹಳದಿ ಮಾಡುತ್ತದೆ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪು ಬಂದರೆ ಗೊಬ್ಬರ ಸಿದ್ಧ. ಎರೆಹುಳು ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಮೇವಿಲ್ಲ, ಮೂತ್ರದ ಕಾವು ಆರಿದ ಮೇಲೆ ಹಾಕಿ.

ಅಂಗಳವಿಲ್ಲದ ಮನೆಯವರು ಹಾಸನ್ನು ದಿನಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಇಲ್ಲದೆ, ಹಸಿ ಕಸದ ಬುಟ್ಟಿಗೆ ಹಾಕಿ ಗಾಡಿಯವರಿಗೆ ಕೊಡಬಹುದು, ಆದರೆ ಒಮ್ಮೆ ಅವರನ್ನೇ ಕೇಳಿಕೊಂಡು ಕೊಡಿ. ಆ ಬುಟ್ಟಿಯನ್ನು ಬರಿಗೈಯಲ್ಲಿ ಮುಟ್ಟುವುದು ನಮ್ಮಂಥ ಮನುಷ್ಯರೇ. ಶೌಚಾಲಯದ ಗುಂಡಿಗೆ ಹುಲ್ಲು, ಹೊಟ್ಟು ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಚರಂಡಿಗೆ ಎಸೆದರೆ ಮಳೆ ಬಂದ ದಿನ ಇಡೀ ಓಣಿಗೆ ನೀರು ನುಗ್ಗುತ್ತದೆ. ಒಣಗಿಸಿ ಬೆಂಕಿ ಹಚ್ಚುವುದಂತೂ ಕೂಡದು, ಘನತ್ಯಾಜ್ಯ ನಿಯಮಗಳೂ ಬಯಲಿನಲ್ಲಿ ಕಸ ಸುಡುವುದನ್ನು ಒಪ್ಪುವುದಿಲ್ಲ.

ಎಲ್ಲ ಹಿಕ್ಕೆಯೂ ಗೊಬ್ಬರಕ್ಕೆ ಹೋಗಬೇಕಾದ್ದಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ, ಮೆತ್ತಗೆ ಹೊಳೆಯುವ ಹಿಕ್ಕೆ ತಟ್ಟೆಯಲ್ಲಿ ಬಿದ್ದಿದ್ದರೆ ಅದು ಮೊಲ ತಾನೇ ಮತ್ತೆ ತಿನ್ನಬೇಕಾದದ್ದು. ಎರಡನೆಯ ಸಲ ತಿಂದೇ ಅದು ತನ್ನ ಜೀವಸತ್ವ ಪಡೆಯುತ್ತದೆ. ಬಿಟ್ಟುಬಿಟ್ಟಿದೆ ಎಂದರೆ ಕಾಳು, ಕ್ಯಾರೆಟ್, ಬಿಸ್ಕತ್ತು ಹೆಚ್ಚಾಗಿದೆ, ಹುಲ್ಲು ಕಡಿಮೆಯಾಗಿದೆ. ನೀರಾಗಿ ಭೇದಿ ಆಗುತ್ತಿದ್ದರೆ ಕಾಕ್ಸಿಡಿಯಾ ಎಂಬ ಕರುಳಿನ ಕ್ರಿಮಿ ಇರಬಹುದು, ಮರಿಗಳನ್ನು ಅದು ಬೇಗ ಕೊಲ್ಲುತ್ತದೆ, ಕಾಯದೆ ವೈದ್ಯರಿಗೆ ತೋರಿಸಿ. ಆಗಿನ ಹಾಸನ್ನು ಡ್ರಮ್ಮಿಗೆ ಹಾಕದೆ ಪ್ರತ್ಯೇಕವಾಗಿ ಸುತ್ತಿ ಕಳುಹಿಸಿ, ಜಾಗವಿದ್ದರೆ ಆಳವಾಗಿ ಹೂಳಿ. ಆ ಕ್ರಿಮಿಯ ತತ್ತಿಗೆ ಫಿನಾಯಿಲ್ ನಾಟುವುದಿಲ್ಲ. ತಟ್ಟೆಗೂ ಗೂಡಿಗೂ ಕುದಿಯುವ ನೀರು ಹೊಯ್ದು, ಸುಡುಬಿಸಿಲಿನಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆ ಮೊಲವನ್ನು ಬಿಡಿ. ಜಂತುಹುಳಕ್ಕೋ ಕಜ್ಜಿಗೋ ಐವರ್ಮೆಕ್ಟಿನ್ ಕೊಡಿಸಿದ್ದರೆ ಆಮೇಲಿನ ಎರಡು ಮೂರು ವಾರ ಬೀಳುವ ಹಿಕ್ಕೆಯನ್ನು ಎರೆಹುಳುವಿನ ತೊಟ್ಟಿಗೆ ಹಾಕಬೇಡಿ.

ಮಳೆಗಾಲದಲ್ಲಿ ಬೆಳಿಗ್ಗೆಯೂ ಸಂಜೆಯೂ ಮೊಲವನ್ನು ಎತ್ತಿಕೊಂಡು ಬಾಲದ ಅಡಿ ನೋಡಿ. ಅಲ್ಲಿ ಒದ್ದೆ ಹಿಕ್ಕೆ ಅಂಟಿದ್ದರೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳುವಾಗಿ ಮಾಂಸಕ್ಕೆ ಇಳಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತುಪ್ಪಳ ಚೆನ್ನಾಗಿ ಒಣಗಿಸಿ, ಗೂಡಿಗೆ ಒಣ ಹಾಸು ಹಾಕಿಯೇ ಒಳಗೆ ಬಿಡಿ. ಹುಳು ಕಂಡರೆ ಮನೆಮದ್ದಿಗೆ ಕೂರದೆ ಆ ಗಳಿಗೆಯಲ್ಲೇ ಪಶು ಆಸ್ಪತ್ರೆಗೆ ಹೊರಡಿ.