ಸುಟ್ಟುಹೋದ ಜನಗಣತಿ, ಉಳಿದುಕೊಂಡ ಕಂದಾಯದ ಪುಸ್ತಕ: ಐರಿಷ್ ಪೂರ್ವಜರನ್ನು ಹುಡುಕುವುದು ಹೇಗೆ?

1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಬೂದಿಯಾದವು. 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ಬಹಳ ಹಿಂದೆ ನಾಶಪಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವಾಗಿ ಹೋದವು. ಹೀಗಾಗಿ ಇಡಿಯಾಗಿ ಉಳಿದಿರುವ ಅತ್ಯಂತ ಹಳೆಯ ಜನಗಣತಿ 1901ರದು. ಹತ್ತು ಲಕ್ಷದಷ್ಟು ಜನರನ್ನು ಕೊಂದು, ಅದಕ್ಕಿಂತ ಹೆಚ್ಚು ಜನರನ್ನು ಹಡಗು ಹತ್ತಿಸಿದ 1845–52ರ ಮಹಾಕ್ಷಾಮ ಈ ಕತ್ತಲೆಯ ನಡುವೆಯೇ ಬರುತ್ತದೆ.

ಆ ಹಡಗು ಹತ್ತಿದವರ ಮರಿಮೊಮ್ಮಕ್ಕಳು ಇಂದು ಬಾಸ್ಟನ್‌ನಲ್ಲಿದ್ದಾರೆ, ಸಿಡ್ನಿಯಲ್ಲಿದ್ದಾರೆ. ಬ್ರಿಟಿಷ್ ಸೈನ್ಯ ಸೇರಿ ಭಾರತಕ್ಕೆ ಬಂದ ಐರಿಷ್ ಸಿಪಾಯಿಗಳ ವಂಶದವರು ಬೆಂಗಳೂರಿನ ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳಲ್ಲೂ ಇದ್ದಾರೆ. ಅವರೆಲ್ಲರ ಹುಡುಕಾಟಕ್ಕೆ ದಾರಿ ಒಂದೇ. ಬಹಳ ಮಂದಿ ಮೊದಲೇ ಜೊಲ್ಲಿನ ಪರೀಕ್ಷೆಯ ಡಿಎನ್‌ಎ ಕಿಟ್ ತರಿಸಿ, ಸಾವಿರಾರು ಅಪರಿಚಿತ ‘ಸಂಬಂಧಿಕರ’ ಪಟ್ಟಿಯ ಮುಂದೆ ಕಂಗಾಲಾಗುತ್ತಾರೆ. ಜನಗಣತಿ ಹೋದರೂ ಜಮೀನಿನ ಕಂದಾಯದ ಪುಸ್ತಕಗಳು ಉಳಿದಿವೆ. ನನ್ನ ಖಚಿತ ಅಭಿಪ್ರಾಯವೆಂದರೆ ಮೊದಲು ಜಮೀನು, ಆಮೇಲೆ ಜೊಲ್ಲು.

ಮೊದಲು ಬೇಕಾದದ್ದು ಊರಿನ ಹೆಸರು

‘ಐರ್ಲೆಂಡಿನವರು’ ಎಂದರೆ ಸಾಲದು, ‘ಕಾರ್ಕ್ ಕೌಂಟಿಯವರು’ ಎಂದು ಜಿಲ್ಲೆ ಹೇಳಿದರೂ ಸಾಲದು. ಬೇಕಾದದ್ದು ಟೌನ್‌ಲ್ಯಾಂಡ್. ಹೆಸರಿನಲ್ಲಿ ‘ಟೌನ್’ ಇದ್ದರೂ ಅದು ಪಟ್ಟಣವಲ್ಲ. ಕೆಲವೇ ಮನೆಗಳು, ಸುತ್ತ ಹೊಲ, ಇಷ್ಟನ್ನು ಒಳಗೊಂಡ ಅತ್ಯಂತ ಸಣ್ಣ ಭೂವಿಭಾಗ. ನಮ್ಮ ಮಜರೆ ಗ್ರಾಮವನ್ನು ನೆನಪಿಸಿಕೊಳ್ಳಿ. ಇಂಥವು 60,000ಕ್ಕೂ ಹೆಚ್ಚಿವೆ. ಹೆಸರುಗಳು ಮರುಕಳಿಸುತ್ತವೆ, ಕಿಲ್ಮೋರ್ ಹಲವು ಕೌಂಟಿಗಳಲ್ಲಿದೆ. ಆದ್ದರಿಂದ ಟೌನ್‌ಲ್ಯಾಂಡ್, ಪ್ಯಾರಿಷ್ (ಹಲವು ಟೌನ್‌ಲ್ಯಾಂಡ್‌ಗಳು ಸೇರಿದ ವಿಭಾಗ), ಕೌಂಟಿ ಮೂರನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಬೇಕು.

ಈ ಹೆಸರು ಹೆಚ್ಚಾಗಿ ಸಿಗುವುದು ವಲಸೆ ಹೋದ ದೇಶದಲ್ಲೇ: ಸಮಾಧಿ ಕಲ್ಲು, ಚರ್ಚಿನ ಮದುವೆ ದಾಖಲೆ, ಮರಣವಾರ್ತೆ. ಸಿಪಾಯಿಯಾಗಿದ್ದವನ ನಿವೃತ್ತಿ ಪತ್ರ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿದ್ದರೆ ಅದೃಷ್ಟ. ಅವನು ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿಗಳನ್ನು ಅಂಥ ಪತ್ರಗಳಲ್ಲಿ ನಮೂದಿಸುತ್ತಿದ್ದರು. ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಗ್ರಿಫಿತ್ ಪುಟವನ್ನು ಓದುವ ಬಗೆ

ಬಡವರ ಪರಿಹಾರಕ್ಕಾಗಿ ಸ್ಥಳೀಯ ತೆರಿಗೆ ನಿಗದಿ ಮಾಡಲು ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ ಇಡೀ ದ್ವೀಪದ ಜಮೀನನ್ನು ಮೌಲ್ಯಮಾಪನ ಮಾಡಿಸಿದ. 1847ರಲ್ಲಿ ಡಬ್ಲಿನ್ನಿಂದ ಶುರುವಾದ ಪ್ರಕಟಣೆ 1864ರಲ್ಲಿ ಅರ್ಮಾ ಕೌಂಟಿಯೊಂದಿಗೆ ಮುಗಿಯಿತು. ‘ಆಸ್ಕ್ ಅಬೌಟ್ ಐರ್ಲೆಂಡ್’ ಜಾಲತಾಣದಲ್ಲಿ ಇದನ್ನು ಉಚಿತವಾಗಿ ನೋಡಬಹುದು.

ಪಹಣಿ ಓದಿ ಗೊತ್ತಿದ್ದವರಿಗೆ ಈ ಪುಟ ಬೇಗ ಒಲಿಯುತ್ತದೆ. ಎಡಗಡೆಯ ಅಂಕಿ ನಕ್ಷೆಯಲ್ಲಿನ ಹಿಡುವಳಿಯ ಸಂಖ್ಯೆ. ಅದರ ಜೊತೆಗಿರುವ ಸಣ್ಣ ಅಕ್ಷರ ಮನೆಯನ್ನು ಸೂಚಿಸುತ್ತದೆ. ಆಮೇಲೆ ಅನುಭವದಲ್ಲಿರುವವನ ಹೆಸರು, ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಆಸ್ತಿಯ ವಿವರ, ವಿಸ್ತೀರ್ಣ, ಮೌಲ್ಯ. ವಿವರದಲ್ಲಿ ‘ಆಫೀಸಸ್’ ಎಂದಿದ್ದರೆ ಮುತ್ತಜ್ಜ ಕಚೇರಿ ಇಟ್ಟಿದ್ದನೆಂದು ತಿಳಿಯಬೇಡಿ. ಅದು ದನದ ಕೊಟ್ಟಿಗೆ, ಕಣಜದಂಥ ಹೊರಕಟ್ಟಡ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿದೆ. ಒಂದು ರೂಡ್ ಎಂದರೆ ನಮ್ಮ ಹತ್ತು ಗುಂಟೆ, ಒಂದು ಪರ್ಚ್ ಎಂದರೆ ಕಾಲು ಗುಂಟೆ.

ಒಂದೇ ಟೌನ್‌ಲ್ಯಾಂಡಿನಲ್ಲಿ ಮೂವರು ಪ್ಯಾಟ್ರಿಕ್ ಮರ್ಫಿಗಳು ಸಿಕ್ಕರೆ ಗಾಬರಿ ಬೇಡ. ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಇನ್ನೊಂದು ಹೆಸರಿದೆಯೇ ನೋಡಿ. ನಮ್ಮ ಹಳ್ಳಿಯಲ್ಲಿ ಇಬ್ಬರು ತಿಮ್ಮಣ್ಣರಿದ್ದರೆ ಒಬ್ಬನನ್ನು ‘ಕರಿಯಪ್ಪನ ತಿಮ್ಮಣ್ಣ’ ಎನ್ನುವಂತೆ, ಮೌಲ್ಯಮಾಪಕರು ಅನೇಕ ಕಡೆ ತಂದೆಯ ಹೆಸರು ಸೇರಿಸಿದ್ದಾರೆ. ಆ ಒಂದು ಪದದಿಂದ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ಪುಸ್ತಕದಲ್ಲಿರುವುದು ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳ ಸುಳಿವಿಲ್ಲ. ಅವರಿಗಾಗಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಉಚಿತವಾಗಿ ಒದಗಿಸಿರುವ ಕ್ಯಾಥೊಲಿಕ್ ಜ್ಞಾನಸ್ನಾನದ ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ನೋಡಬೇಕು. ಎಲ್ಲರ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1864ರಲ್ಲಿ.

ಬಣ್ಣದ ಶಾಯಿ

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಪ್ರಿಯವಾದವು ಪರಿಷ್ಕರಣ ಪುಸ್ತಕಗಳು. ಗ್ರಿಫಿತ್ ಪಟ್ಟಿಯನ್ನು ಅಧಿಕಾರಿಗಳು ಮುಂದಿನ ದಶಕಗಳಲ್ಲೂ ತಿದ್ದುತ್ತ ಹೋದರು. ಅನುಭವದಾರ ಬದಲಾದರೆ ಹಳೆಯ ಹೆಸರನ್ನು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು, ಅಂಚಿನಲ್ಲಿ ವರ್ಷ. ನಮ್ಮ ಮ್ಯುಟೇಷನ್ ರಿಜಿಸ್ಟರ್ ಮಾಡುವ ಕೆಲಸವೇ ಇದು. ಮೈಕೆಲ್ ಹೆಸರು ಅಳಿದು ಬ್ರಿಜೆಟ್ ಹೆಸರು ಬಂತೆಂದರೆ ಗಂಡ ತೀರಿಕೊಂಡಿರಬಹುದು. ಮುಂದೆ ಜಾನ್ ಎಂದಿದ್ದರೆ ಅವನು ಮಗನಿರಬಹುದು. ತಿದ್ದುಪಡಿ ಕೆಲವೊಮ್ಮೆ ವರ್ಷಗಟ್ಟಲೆ ತಡವಾಗುತ್ತಿತ್ತು, ಆದ್ದರಿಂದ ಮರಣ ನೋಂದಣಿಯನ್ನು ಹುಡುಕುವಾಗ ಅದಕ್ಕಿಂತ ಹಿಂದಿನ ಕೆಲವು ವರ್ಷಗಳನ್ನೂ ನೋಡಿ. ‘ಎಲ್.ಎ.ಪಿ.’ ಮುದ್ರೆ ಕಂಡರೆ ಭೂಕಾಯ್ದೆಯಡಿ ಗೇಣಿದಾರ ಆ ಜಮೀನನ್ನು ಕೊಂಡನೆಂದು ಅರ್ಥ. ತಲೆಮಾರುಗಟ್ಟಲೆ ಗೇಣಿ ಕಟ್ಟಿದ ಮನೆತನಕ್ಕೆ ಆ ಮೂರಕ್ಷರ ಎಂಥ ಹಬ್ಬವಾಗಿತ್ತೋ!

ಉತ್ತರ ಐರ್ಲೆಂಡಿನ ಆರು ಕೌಂಟಿಗಳ ಪುಸ್ತಕಗಳು ಬೆಲ್‌ಫಾಸ್ಟ್‌ನ ಪತ್ರಾಗಾರದ ಜಾಲತಾಣದಲ್ಲಿ 1864ರಿಂದ 1933ರವರೆಗೆ ಸಿಗುತ್ತವೆ. ಉಳಿದ ಕೌಂಟಿಗಳವು ಡಬ್ಲಿನ್‌ನಲ್ಲಿವೆ. ಕ್ಷಾಮಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿಗೆ ಕಟ್ಟಬೇಕಿದ್ದ ದಶಾಂಶ ತೆರಿಗೆಯ 1823–37ರ ಪುಸ್ತಕಗಳಿವೆ. ಅವುಗಳಲ್ಲಿ ಕೃಷಿಭೂಮಿ ಮಾತ್ರ ಇದೆ, ಭೂಮಿಯಿಲ್ಲದ ಕೂಲಿಯವನು ಕಾಣುವುದಿಲ್ಲ.

ಈಗ ಡಿಎನ್‌ಎ

ಮನೆಯಲ್ಲಿ ಬದುಕಿರುವ ಅತ್ಯಂತ ಹಿರಿಯರ ಪರೀಕ್ಷೆ ಮಾಡಿಸಿ. ಒಂದು ತಲೆಮಾರು ಹಿಂದಿನವರಲ್ಲಿ ಪೂರ್ವಜರ ಅಂಶ ಸರಾಸರಿ ಇಮ್ಮಡಿ. ಅವರ ಒಪ್ಪಿಗೆ ಪಡೆಯಿರಿ. ಯಾರೂ ಹೇಳದೆ ಮುಚ್ಚಿಟ್ಟ ಸಂಬಂಧವೂ ಹೊರಬರಬಹುದೆಂದು ಮೊದಲೇ ತಿಳಿಸಿ. ತಂದೆತಾಯಿ ಇಬ್ಬರ ಕಡೆಯನ್ನೂ ತೋರಿಸುವ ಆಟೋಸೋಮಲ್ ಪರೀಕ್ಷೆ ಸಾಕು. ವೈ-ಡಿಎನ್‌ಎ ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದರಿಂದ ಮನೆತನದ ಹೆಸರಿನ ಜಾಡು ಹಿಡಿಯುವವರಿಗೆ ಉಪಯುಕ್ತ. ‘ನೀವು ಇಷ್ಟು ಶೇಕಡಾ ಐರಿಷ್’ ಎಂಬ ವರದಿಯಿಂದ ಈ ಕೆಲಸಕ್ಕೆ ಏನೂ ಸಿಗದು.

ಬೇಕಾದದ್ದು ಹೊಂದಾಣಿಕೆಯ ಪಟ್ಟಿ. ಹಂಚಿಕೊಂಡ ಭಾಗವನ್ನು ಸೆಂಟಿಮಾರ್ಗನ್‌ಗಳಲ್ಲಿ ಅಳೆಯುತ್ತಾರೆ. ಇಬ್ಬರಿಗೂ ಮುತ್ತಾತನ ತಂದೆತಾಯಿ ಒಬ್ಬರೇ ಆಗಿದ್ದರೆ ಸರಾಸರಿ 70ರ ಆಸುಪಾಸು. ಇಂದು ಅರವತ್ತು ದಾಟಿದವರ ಆ ಹಿರಿಯರು ಸುಮಾರಾಗಿ ಗ್ರಿಫಿತ್ ಕಾಲದವರು. ಹಾಗಾಗಿ ಕಾಗದ ಮತ್ತು ರಕ್ತ ಸೇರುವ ತಲೆಮಾರು ಇದೇ. ಇಷ್ಟು ದೂರದ ನಿಜವಾದ ಸಂಬಂಧಿಕರಲ್ಲೂ ಹತ್ತರಲ್ಲಿ ಒಬ್ಬರಷ್ಟು ಜನರೊಂದಿಗೆ ಏನೂ ಹೊಂದದೆ ಇರಬಹುದು. ಹೊಂದಲಿಲ್ಲವೆಂದು ಸಂಬಂಧವನ್ನೇ ತಳ್ಳಿಹಾಕಬೇಡಿ.

ಹೊಂದಿದವರಿಗೆ ಪತ್ರ ಬರೆಯುವಾಗ ‘ನಿಮ್ಮ ವಂಶವೃಕ್ಷ ಕಳಿಸಿ’ ಎನ್ನುವ ಬದಲು ‘ನಿಮ್ಮವರು ಯಾವ ಟೌನ್‌ಲ್ಯಾಂಡಿನವರು?’ ಎಂದು ಕೇಳಿ. ಹೆಸರು ಬೇರೆಯಾಗಿದ್ದರೂ ಊರು ಒಂದೇ ಎಂದು ಉತ್ತರ ಬಂದರೆ ಗ್ರಿಫಿತ್ ನಕ್ಷೆ ತೆರೆಯಿರಿ. ಅವರ ಹಿಡುವಳಿಯ ಸಂಖ್ಯೆ ನಿಮ್ಮದರ ಬದಿಗೇ ಇದೆಯೇ ನೋಡಿ. ಇದ್ದರೆ ಆ ಪ್ಯಾರಿಷ್‌ನ ಮದುವೆ ಪುಸ್ತಕದಲ್ಲಿ ಎರಡೂ ಮನೆಯ ಹೆಸರುಗಳು ಒಂದೇ ಸಾಲಿನಲ್ಲಿ ಬರುವ ತನಕ ಪುಟ ತಿರುವಿ.