ಹಾಲು ಉಕ್ಕಿದ್ದು ಅಕ್ಷಯ ತೃತೀಯಕ್ಕೆ, ಸಾಮಾನು ಬಂದಿದ್ದು ದಸರಾಕ್ಕೆ

ಸಿಂಧನೂರಿನಲ್ಲಿ ನನ್ನ ಸ್ವಂತ ಮನೆಯ ವಾಸ್ತುಶಾಂತಿ ಮಾಡಿದ್ದು 2025ರ ಏಪ್ರಿಲ್ 30ಕ್ಕೆ. ಮಂಚ, ಬೀರು, ಪಾತ್ರೆ ತಂದು ಸಂಸಾರ ಹೂಡಿದ್ದು ಅಕ್ಟೋಬರ್ 2ಕ್ಕೆ. ಹೊಸ ಗೋಡೆ ಪೂರ್ತಿ ಒಣಗಲಿ ಅಂತ ನಡುವಿನ ಐದು ತಿಂಗಳು ಬಾಡಿಗೆ ಮನೆಯಲ್ಲೇ ಇದ್ದೆವು. ಆಗ ಕೇಳಿದ ಮಾತು ಒಂದೆರಡಲ್ಲ. ಊರಿಗೆಲ್ಲ ಮನೆ ಕಟ್ಟಿಕೊಡುವವನಿಗೆ ತನ್ನ ಕೆಲಸದ ಮೇಲೇ ಭರವಸೆ ಇಲ್ಲ ಅಂದರು. ರೊಕ್ಕ ಮುಗಿದು ಕೂತಿದ್ದಾನೆ ಅಂದರು. ನನ್ನ ಸ್ವಂತ ಭಾವ, ಅವರೂ ಇದೇ ಕೆಲಸದವರು, "ಹಾಲು ಉಕ್ಕಿಸಿದ ಮೇಲೆ ಮನೆ ಖಾಲಿ ಬಿಡೋದು ಎಲ್ಲಿಯ ಪದ್ಧತಿ?" ಅಂತ ಎರಡು ತಿಂಗಳು ಮಾತು ಬಿಟ್ಟರು. ಈಗ ಅದೇ ಭಾವ ತಮ್ಮ ಗಿರಾಕಿಯನ್ನು ಕರೆದುಕೊಂಡು ಬಂದು ನನ್ನ ಮನೆಯ ಗೋಡೆ ಮುಟ್ಟಿಸಿ ಹೋಗುತ್ತಾರೆ. ಹೇಗೆ ಮಾಡಿದೆ ಅಂತ ಕೇಳಿದವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ಇದರ ಬೇರು 2024ರಲ್ಲಿದೆ. ಆ ವರ್ಷ ನಿಮಗೂ ನೆನಪಿರಬೇಕು. ಏಪ್ರಿಲ್ ಕೊನೆಗೆ ಶುಕ್ರ ಅಸ್ತ, ಮೇ ಮೊದಲ ವಾರಕ್ಕೆ ಗುರುವೂ ಅಸ್ತ. ಅಸ್ತವಿದ್ದಾಗ ಶುಭಕಾರ್ಯ ಮಾಡುವುದಿಲ್ಲ. ವೈಶಾಖ, ಜ್ಯೇಷ್ಠ ಎರಡೂ ಹೋದವು. ಮುಂದೆ ಆಷಾಢ. ಅಂದರೆ ಏಪ್ರಿಲ್ ದಾಟಿದರೆ ಶ್ರಾವಣದವರೆಗೆ ಮುಹೂರ್ತವಿಲ್ಲ. ಮನೆ ಕಟ್ಟುತ್ತಿದ್ದವರೆಲ್ಲ ಯುಗಾದಿ ಆದ ಕೂಡಲೇ ಬೆನ್ನು ಬಿದ್ದರು. ನನ್ನ ಒಬ್ಬ ಗಿರಾಕಿಯ ಮನೆಗೆ ಒಳ ಗಿಲಾವು (ಗೋಡೆಯ ಪ್ಲಾಸ್ಟರ್) ಮುಗಿದು ಇನ್ನೂ 40 ದಿನ ಆಗಿರಲಿಲ್ಲ. ಏಪ್ರಿಲ್ 28ರ ಒಳಗೆ ಆಗಲೇಬೇಕು ಅಂದರು. ನಾನು ಒಪ್ಪಿದೆ. ಒಪ್ಪಬಾರದಿತ್ತು.

ಗೋಡೆ ಒಣಗಿಸಲು ಏನೆಲ್ಲ ಮಾಡಿದೆ ಕೇಳಿ. 500 ವ್ಯಾಟ್‌ನ ಹ್ಯಾಲೊಜನ್ ನಾಲ್ಕು ತಂದು ಕಿಟಕಿ ಮುಚ್ಚಿ ರಾತ್ರಿಯಿಡೀ ಉರಿಸಿದೆ. ಗಿಲಾವಿನ ಮೇಲ್ಮೈ ಸುಣ್ಣದ ಹಾಗೆ ಬೆಳ್ಳಗಾಯಿತು, ಒಳಗೆ ಹಸಿ ಹಾಗೇ ಉಳಿಯಿತು. ಮೇಲಿಂದ ಕೂದಲೆಳೆ ಬಿರುಕು ಬೇರೆ. ಯಾರೋ ಹೇಳಿದರು ಅಂತ ಹಾಲ್‌ನಲ್ಲಿ ದೊಡ್ಡ ಗ್ಯಾಸ್ ಒಲೆ ಹಚ್ಚಿ ಇಟ್ಟೆವು. ಅದು ಇನ್ನೂ ದೊಡ್ಡ ತಪ್ಪು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರ್ ನೀರು ಆವಿಯಾಗಿ ಅದೇ ಕೋಣೆಗೆ ಬರುತ್ತದೆ. ಒಣಗಿಸಲು ಹೋಗಿ ನೀರು ಹೊಡೆದ ಹಾಗಾಯಿತು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಇಡುವುದು ಜೀವಕ್ಕೂ ಅಪಾಯ, ಯಾರೂ ಮಾಡಬೇಡಿ.

ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಓಪನಿಂಗ್ ಜೋರಾಗಿಯೇ ಆಯಿತು. ಜುಲೈ ಬರುವಷ್ಟರಲ್ಲಿ ಗೋಡೆಯ ಕೆಳಗಿನ ಎರಡು ಅಡಿ ಪುಟ್ಟಿ ಹಪ್ಪಳದಂತೆ ಎದ್ದಿತು. ಮಲಗುವ ಕೋಣೆಯ ಕಪಾಟಿನ ಹಿಂದೆ ಕರಿ ಬೂಸ್ಟು. ಹೊಸ ಪ್ಲೈವುಡ್ ಉಬ್ಬಿ ಬಾಗಿಲು ಕೂಡುತ್ತಿರಲಿಲ್ಲ. ಬಣ್ಣದವನು ಗಿಲಾವು ಸರಿಯಿಲ್ಲ ಅಂದ, ಗೌಂಡಿ, ಅಂದರೆ ಗೋಡೆ ಕಟ್ಟುವವನು, ಬೋರಿನ ಸವಳು (ಉಪ್ಪು) ನೀರಿನದು ತಪ್ಪು ಅಂದ. ಸವಳು ನೀರಿನ ಪಾಲೂ ಇತ್ತು, ಇಲ್ಲ ಅನ್ನಲಾರೆ. ಆದರೆ ಮೂಲ ಕಾರಣ ಆ 40 ದಿನ. ರಿಪೇರಿಗೆ ಸುಮಾರು 1 ಲಕ್ಷ 70 ಸಾವಿರ ಆಯಿತು. ಅರ್ಧ ನಾನು ಹಾಕಿದೆ. ಆ ಮನೆಯ ಲಾಭ ಅಲ್ಲಿಗೇ ಹೋಯಿತು.

ಅದೇ ವರ್ಷ ಆಗಸ್ಟ್ 10ರ ರಾತ್ರಿ ಟಿಬಿ (ತುಂಗಭದ್ರಾ) ಡ್ಯಾಂನ 19ನೇ ಗೇಟ್ ಕೊಚ್ಚಿಹೋಯಿತು. ನಮ್ಮ ಕಡೆ ಎಲ್ಲರಿಗೂ ಒಂದೇ ಚಿಂತೆ, ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ. ನನ್ನ ಇಬ್ಬರು ಗಿರಾಕಿಗಳು ಭತ್ತದ ರೈತರು, ಕೆಲಸ ನಿಲ್ಲಿಸಿ ಅಂದರು. ವಾರದಲ್ಲಿ ಗೇಟ್ ಕೂಡಿಸಿದರು, ಆದರೆ ಅವರ ಧೈರ್ಯ ಬೇಗ ಮರಳಲಿಲ್ಲ. ನನ್ನ ಗೌಂಡಿಗಳು ಖಾಲಿ ಕೂತರು. ಅವರನ್ನು ಕಳಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಆರು ವರ್ಷದಿಂದ ಜಾಲಿ ಬೆಳೆಸಿಕೊಂಡು ಬಿದ್ದಿದ್ದ ನನ್ನ 30-40 ಸೈಟಿನಲ್ಲಿ ಪಾಯ ತೋಡಿಸಿದೆ.

ಜಾಗ ಅಪ್ಪಟ ಎರೆ, ಅಂದರೆ ಕಪ್ಪು ಮಣ್ಣು. ಏಳು ಅಡಿ ತೋಡಿದ ಮೇಲೆ ಗರಸು, ಅಂದರೆ ಗಟ್ಟಿ ಜಲ್ಲಿ ಮಣ್ಣು, ಸಿಕ್ಕಿತು. ಡಿಸೆಂಬರ್‌ಗೆ ಸ್ಲ್ಯಾಬ್, ಫೆಬ್ರವರಿ ನಡುವಿಗೆ ಗಿಲಾವು, ಮಾರ್ಚ್‌ನಲ್ಲಿ ಟೈಲ್ಸ್. ಸಿಮೆಂಟ್ ಗಟ್ಟಿಯಾಗಲು ನೀರು ಹೊಡೆಯುವುದಕ್ಕೆ (ಕ್ಯೂರಿಂಗ್) ಈ ಸಲ ಬೋರಿನ ನೀರು ಮುಟ್ಟಲಿಲ್ಲ. ಕಾಲುವೆ ನೀರನ್ನೇ ಟ್ಯಾಂಕರ್‌ನಲ್ಲಿ ತರಿಸಿದೆ. ಸುಮಾರು 22 ಸಾವಿರ ಹೋಯಿತು. ಹೋಗಲಿ ಅಂದೆ.

ಎರೆ ಜಾಗದ ಮನೆಗೆ ಒಣಗುವುದೊಂದೇ ಪ್ರಶ್ನೆ ಅಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ನೆಲ ಮಳೆ ಬಿದ್ದರೆ ಉಬ್ಬುತ್ತದೆ. ಮನೆ ಆ ಬಿರಿತ ಮತ್ತು ಉಬ್ಬು ಎರಡನ್ನೂ ಒಮ್ಮೆ ನೋಡಬೇಕು. ಅದನ್ನು ನೋಡುವ ಮೊದಲು ಕಪಾಟು ಕೂಡಿಸುವುದು, ಬಾಗಿಲ ಅಂಚು ತೀಡುವುದು ಸುಮ್ನೆ ರೊಕ್ಕ ಹಾಳು. ಹಾಗಾಗಿ ಒಂದು ಮಳೆಗಾಲ ನೋಡದೆ ಸಾಮಾನು ತರುವುದಿಲ್ಲ ಅಂತ ತೀರ್ಮಾನಿಸಿದೆ.

ಆದರೆ ಅವ್ವನಿಗೆ ಮುಹೂರ್ತ ಬೇಕು. ನನಗೂ ಬೇಕು. ದೇವರನ್ನು ಬಿಟ್ಟು ಮನೆ ಹೊಕ್ಕುವವನು ನಾನಲ್ಲ. ನಮ್ಮ ಅಯ್ಯನವರ ಹತ್ತಿರ ಪಂಚಾಂಗ ಹಿಡಿದು ಕೂತೆ. 2025ರ ಅಕ್ಷಯ ತೃತೀಯ ಬುಧವಾರ ಬಂದಿತ್ತು, ರೋಹಿಣಿ ನಕ್ಷತ್ರ, ಬೆಳಗ್ಗೆ ವೃಷಭ ಲಗ್ನ, ಅದು ಸ್ಥಿರ ಲಗ್ನ. ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಜೂನ್ ನಡುವಿಗೆ ಮತ್ತೆ ಗುರು ಅಸ್ತ, ಆಮೇಲೆ ಆಷಾಢ. ನಾನು ನೇರವಾಗಿ ಕೇಳಿದೆ. "ಅವತ್ತು ವಾಸ್ತುಶಾಂತಿ ಮಾಡಿ ಹಾಲು ಉಕ್ಕಿಸುತ್ತೇನೆ, ರಾತ್ರಿ ಮಲಗುತ್ತೇನೆ. ಸಂಸಾರ ಮಾತ್ರ ದಸರಾಕ್ಕೆ ತರುತ್ತೇನೆ, ನಡೆಯುತ್ತದಾ?" ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಲು ಉಕ್ಕಿದ ಮನೆ ಸಂಜೆ ಕತ್ತಲಿರಬಾರದು. ದೀಪ ತಪ್ಪಿಸಬೇಡ. ವಿಜಯದಶಮಿ ಮೂರೂವರೆ ಮುಹೂರ್ತದಲ್ಲಿ ಒಂದು, ಅವತ್ತು ಪಂಚಾಂಗ ಕೇಳುವ ಅಗತ್ಯವೂ ಇಲ್ಲ" ಅಂದರು. ನನಗೆ ಬೇಕಾಗಿದ್ದು ಅಷ್ಟೇ.

ವಾಸ್ತುಶಾಂತಿಯ ದಿನ ಗೋಡೆಗೆ ಬರೀ ಸುಣ್ಣ. ಪುಟ್ಟಿಯಿಲ್ಲ, ಬಣ್ಣವಿಲ್ಲ. 350 ಜನ ಉಂಡರು, ಹೋಳಿಗೆ ಊಟ, 1 ಲಕ್ಷದ ಮೇಲಾಯಿತು. ಉಂಡವರಲ್ಲಿ ಅರ್ಧ ಜನ ಗೋಡೆ ನೋಡಿ ನಕ್ಕರು. ಸುಣ್ಣ ಹೊಡೆಸಿದ್ದು ಬೇಕಂತಲೇ. ಸುಣ್ಣದ ಗೋಡೆ ಒಳಗಿನ ಹಸಿಯನ್ನು ತಡೆಯುವುದಿಲ್ಲ, ಹೊರಗೆ ಬಿಡುತ್ತದೆ. ಆಮೇಲೆ ಪುಟ್ಟಿ ಹಿಡಿಯಲು ಅದನ್ನು ಕೆರೆಯಬೇಕಲ್ವಾ ಅಂತ ನೀವು ಕೇಳುತ್ತೀರಿ. ಹೌದು, ಕೆರೆಯಬೇಕು. ಸುಣ್ಣ ಕಲೆಸುವಾಗ ನಾನು ಒಂದು ವಸ್ತು ಕಡಿಮೆ ಮಾಡಿ ಇನ್ನೊಂದು ಸೇರಿಸುತ್ತೇನೆ, ಕೆರೆಯುವ ಕೆಲಸ ಎರಡೇ ದಿನಕ್ಕೆ ಮುಗಿಯುತ್ತದೆ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಅದರ ಮೇಲೆ ನನ್ನ ಎರಡು ಊಟ ನಡೆಯುತ್ತವೆ.

ದಿನಾ ಸಂಜೆ ಅವ್ವ ದೀಪ ಹಚ್ಚಲು ಹೊಸ ಮನೆಗೆ ಬರುತ್ತಿದ್ದಳು, ನಾನು ಜೊತೆಗೆ ಹೋಗುತ್ತಿದ್ದೆ. ಅವಳು ಜಗಲಿಯ ಮೇಲೆ ಬತ್ತಿ ಹೊಸೆಯುವ ಹೊತ್ತಿಗೆ ನಾನು ಒಂದು ಸುತ್ತು ಹಾಕಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ದೀಪ ತಪ್ಪಿಸಬಾರದು ಅನ್ನುವುದರಿಂದ ಸುತ್ತೂ ತಪ್ಪಲಿಲ್ಲ. 150ಕ್ಕೂ ಹೆಚ್ಚು ದಿನದ ಲೆಕ್ಕ ನನ್ನ ಹತ್ತಿರ ಇದೆ.

ಮೊದಲ ಪರೀಕ್ಷೆ ಪ್ಲಾಸ್ಟಿಕ್ ಹಾಳೆಯದು. ಒಂದೂವರೆ ಅಡಿ ಚೌಕದ ದಪ್ಪ ಹಾಳೆ, ನಾಲ್ಕೂ ಕಡೆ ಟೇಪ್, ನೆಲದಿಂದ ಒಂದು ಅಡಿ ಮೇಲೆ. ಮರುದಿನ ಹಾಳೆಯ ಒಳಮೈ ನೋಡಬೇಕು. ಏಪ್ರಿಲ್‌ನಲ್ಲಿ ಹೊರಗೆ 41 ಡಿಗ್ರಿ, ಗೋಡೆ ಮುಟ್ಟಿದರೆ ಬೆಚ್ಚಗೆ, ಯಾರು ನೋಡಿದರೂ ಒಣಗಿದೆ ಅನ್ನಬೇಕು. ಆದರೂ ಹಾಳೆಯ ಹಿಂದೆ ಸಾಸಿವೆಯಷ್ಟು ಸಣ್ಣ ಹನಿಗಳು ಸಾಲಾಗಿ ನಿಂತಿದ್ದವು. ಭಾವನನ್ನು ಕರೆದು ತೋರಿಸಿದೆ. ಅವರು ಬೆರಳಿಂದ ಒರೆಸಿ ನೋಡಿದರು, ಏನೂ ಹೇಳಲಿಲ್ಲ. ಜೂನ್ ಮೊದಲ ವಾರಕ್ಕೆ ಹನಿ ನಿಂತಿತು. ಹಸಿ ಅಳೆಯಲು ಎರಡು ಸೂಜಿ ಚುಚ್ಚುವ ಮೀಟರ್ ಒಂದನ್ನು 1,300 ಕೊಟ್ಟು ತರಿಸಿದ್ದೆ. ನಮ್ಮ ಕಡೆಯ ಗೋಡೆಗೆ ಅದನ್ನು ನಂಬಬೇಡಿ. ಉಪ್ಪಿನಂಶ ಇದ್ದರೆ ಒಣ ಗೋಡೆಯನ್ನೂ ಹಸಿ ಅನ್ನುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ರೊಟ್ಟಿ. ಖಡಕ್ ಜೋಳದ ರೊಟ್ಟಿ ಹಸಿ ಗಾಳಿಗೆ ಮೆತ್ತಗಾಗುತ್ತದೆ ಅಂತ ಎಲ್ಲರ ಮನೆಯಲ್ಲೂ ಗೊತ್ತು. ಒಂದೊಂದು ಕೋಣೆಯಲ್ಲಿ ಒಂದೊಂದು ರೊಟ್ಟಿಯನ್ನು ದಾರದಲ್ಲಿ ತೂಗುಬಿಟ್ಟು, ರಾತ್ರಿ ಕಿಟಕಿ ಮುಚ್ಚಿ, ಬೆಳಗ್ಗೆ ಮುರಿದು ನೋಡುವುದು. ಚಟ್ ಅಂದರೆ ಸರಿ. ಬಾಗಿ ಆಮೇಲೆ ಹರಿದರೆ ಹಸಿ. ಆದರೆ ಜುಲೈನಲ್ಲಿ ಎಲ್ಲ ಕೋಣೆಯ ರೊಟ್ಟಿಯೂ ಬಾಗಿದವು, ನಾನು ಗಾಬರಿಯಾದೆ. ಆಮೇಲೆ ಹೊಳೆಯಿತು, ಹೊರಗಿನ ಗಾಳಿಯೇ ಹಸಿ. ಅವತ್ತಿನಿಂದ ಒಂದು ರೊಟ್ಟಿಯನ್ನು ಬಾಡಿಗೆ ಮನೆಯಲ್ಲೂ ತೂಗುಬಿಟ್ಟೆ. ಅದು 20 ವರ್ಷದ ಹಳೆಯ ಒಣ ಮನೆ. ಹೊಸ ಮನೆಯ ರೊಟ್ಟಿ ಹಳೆ ಮನೆಯ ರೊಟ್ಟಿಯಷ್ಟೇ ಬಾಗಿದರೆ ಗೋಡೆಯ ತಪ್ಪಿಲ್ಲ. ಹಳೆಯದು ಚಟ್ ಅಂದು ಹೊಸದು ಬಾಗಿದರೆ ಹುಡುಕಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಲ್ಲೂ ಮಾಡಿ ನೋಡಿದೆ. ಸರಿಬರಲಿಲ್ಲ, ಇರುವೆ ಮುತ್ತಿದವು.

ಹೀಗೆ ಹುಡುಕಿದ್ದೇ ನನ್ನ ರೊಕ್ಕ ಉಳಿಸಿತು. ಆಗಸ್ಟ್ ಎರಡನೇ ವಾರ ಮೂರು ದಿನ ಬಿಡದೆ ಮಳೆ. ನಾಲ್ಕನೇ ಬೆಳಗ್ಗೆ ಅಡುಗೆಮನೆಯ ರೊಟ್ಟಿ ಮಾತ್ರ ಬಟ್ಟೆಯಂತೆ ಮಡಚಿತು. ಹಾಳೆ ಅಂಟಿಸಿದರೆ ಪಡುವಣ ಗೋಡೆಯಲ್ಲಿ ಹನಿ. ಹೊರಗೆ ಏಣಿ ಹತ್ತಿದೆ. ಚಜ್ಜಾ (ಕಿಟಕಿ ಮೇಲಿನ ಚಾಚು) ಗೋಡೆಗೆ ಕೂಡುವ ಜಾಗದಲ್ಲಿ ಉಗುರು ಹೋಗುವಷ್ಟು ಸಂದು. ಸರಿಪಡಿಸಲು 3,500 ಆಯಿತು. ಅದೇ ಗೋಡೆಗೆ 1 ಲಕ್ಷ 60 ಸಾವಿರದ ಕಪಾಟು ಕೂರಬೇಕಿತ್ತು. ಕೂತಿದ್ದರೆ ಹಿಂದಿನ ವರ್ಷದ್ದೇ ಕಥೆ.

ಇನ್ನೊಂದು ಗಾಜು. ಸೂಕ್ಷ್ಮ ಬಿರುಕು ಕಂಡಲ್ಲೆಲ್ಲ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದೆ. ಒಟ್ಟು ಏಳು ಪಟ್ಟಿ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ಆರು ಉಳಿದವು. ಪೋರ್ಟಿಕೊ ಹತ್ತಿರದ್ದು ಜುಲೈ ಕೊನೆಗೆ ಒಡೆಯಿತು. ಅಲ್ಲಿನ ಎರಡು ಕಂಬಕ್ಕೆ ನಾನು ಪಾಯ ನಾಲ್ಕೇ ಅಡಿ ಇಳಿಸಿದ್ದೆ. ಸಣ್ಣ ಪೋರ್ಟಿಕೊ, ನಡೆಯುತ್ತದೆ ಅಂದುಕೊಂಡಿದ್ದೆ. ಅದನ್ನು ಮನೆಯಿಂದ ಬೇರೆ ಮಾಡಿ ನಡುವೆ ಸಂದು ಕೊಯ್ದೆವು, 9 ಸಾವಿರ. ಹೊಸ ಗಾಜು ಅಂಟಿಸಿ 40 ದಿನ ಕಾದೆ. ಒಡೆಯಲಿಲ್ಲ.

ಗಾಳಿ ಬಿಡುವುದಕ್ಕೂ ಹೊತ್ತಿದೆ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆವರೆಗೆ ಎಲ್ಲ ತೆರೆದೆ, ಧೂಳು ಬಂದರೂ ಸರಿ. ಮಳೆಗಾಲದಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ ಮಾತ್ರ. ದಿನಾ ರಾತ್ರಿ ತೆರೆದಿಟ್ಟರೆ ಒಣಗುತ್ತದೆ ಅನ್ನುವುದು ಮಳೆಗಾಲಕ್ಕೆ ಉಲ್ಟಾ ಆಗುತ್ತದೆ. ಮೆಟ್ಟಿಲ ಮೇಲಿನ ಬಾಗಿಲ ಹತ್ತಿರ ನಾನು ಗಾಳಿ ಎಳೆಯಲು ಒಂದು ವ್ಯವಸ್ಥೆ ಮಾಡಿದ್ದೆ. ಬಂದರೆ ತೋರಿಸುತ್ತೇನೆ, ಬರೆದರೆ ತಿಳಿಯುವುದಿಲ್ಲ.

ಸೆಪ್ಟೆಂಬರ್ ನಡುವೆ ಹಾಳೆ ಒಣ, ಗಾಜು ಗಟ್ಟಿ, ರೊಟ್ಟಿ ಸರಿಸಮ. ಆಗ ಸುಣ್ಣ ಕೆರೆದು ಪುಟ್ಟಿ ಹೊಡೆಸಿದೆ. ಕೊನೆಯ ಕೋಟ್ ಬಣ್ಣ ದೀಪಾವಳಿ ಆದ ಮೇಲೆ, ಸಾಮಾನು ನಡುವೆ ಸರಿಸಿ ಮಾಡಿಸಿದ್ದು. ಅದೊಂದು ತ್ರಾಸು ನಿಜ.

ಕಾದಿದ್ದಕ್ಕೆ ಬಾಡಿಗೆ ತಿಂಗಳಿಗೆ 6,500ರಂತೆ 32 ಸಾವಿರ, ಬಡಗಿ ಎರಡನೇ ಸಲ ಬಂದಿದ್ದಕ್ಕೆ 4 ಸಾವಿರ, ಸುಣ್ಣ ಮತ್ತು ಕೆರೆತಕ್ಕೆ 10 ಸಾವಿರ. 50 ಸಾವಿರದ ಒಳಗೇ ಮುಗಿಯಿತು. ಸಾಲದ ಬಡ್ಡಿ ಹೇಗಿದ್ದರೂ ಕಟ್ಟಬೇಕಿತ್ತು, ಅದನ್ನು ಇದಕ್ಕೆ ಸೇರಿಸಬೇಡಿ.

ವಿಜಯದಶಮಿಯ ಬೆಳಗ್ಗೆ ಎರಡು ಟ್ರ್ಯಾಕ್ಟರ್‌ನಲ್ಲಿ ಸಾಮಾನು ಬಂತು. ಸಂಜೆ ಬನ್ನಿ ಕೊಡಲು ಭಾವ ಬಂದರು. ಬನ್ನಿ ಕೊಟ್ಟು, ಊಟಕ್ಕೆ ಕೂರುವ ಮೊದಲು ಅಡುಗೆಮನೆಗೆ ಹೋಗಿ ಕಪಾಟಿನ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡಿದರು.

2026ರಲ್ಲಿ ಮೇ 17ರಿಂದ ಅಧಿಕ ಜ್ಯೇಷ್ಠ. ಮಸ್ಕಿಯಲ್ಲಿ ಒಂದು ಮನೆ ನಡೆಯುತ್ತಿದೆ, ಅವರೂ ಅದಕ್ಕೆ ಮೊದಲು ಒಳಗೆ ಹೋಗಬೇಕು ಅಂದರು. ವೈಶಾಖದಲ್ಲಿ ಹಾಲು ಉಕ್ಕಿಸಿ, ದೀಪ ಹಚ್ಚಲು ಯಾರು ಬರುತ್ತಾರೆ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ ಅಂದೆ. ಅವರ ತಂದೆ ತಾವೇ ಬರುತ್ತೇನೆ ಅಂದಿದ್ದಾರೆ. ಮೊದಲ ಹಾಳೆಯನ್ನು ಮೊನ್ನೆ ಸೋಮವಾರ ಅಂಟಿಸಿ ಬಂದೆ.