ನಮ್ಮೂರ ರಾಗಿ ಹಿಟ್ಟು ತುಮಕೂರಿಗೆ ಕಳಿಸುವುದು ಹೇಗೆ

ಗುಬ್ಬಿ ಕಡೆ ನಮ್ಮ ಸ್ವಸಹಾಯ ಸಂಘದಲ್ಲಿ ಹನ್ನೊಂದು ಹೆಂಗಸರಿದ್ದೇವೆ. ಮುಂಚೆ ರಾಗಿಯನ್ನು ಚೀಲದಲ್ಲೇ ಮಂಡಿಗೆ ಹಾಕುತ್ತಿದ್ದೆವು. ನಮ್ಮೂರ ಅಂಗಡಿಯಲ್ಲೇ ಹೊರಗಿನ ಪ್ಯಾಕೆಟ್ ಹಿಟ್ಟು ಕೊಳ್ಳುತ್ತಿದ್ದೆವು. ಈಗ ಹಿಟ್ಟು ಮಾಡಿ ನಾವೇ ಮಾರುತ್ತೇವೆ.

ಮೊದಲು ಗಿರಾಕಿ, ಆಮೇಲೆ ಗಿರಣಿ. ತುಮಕೂರಿನ ನೆಂಟರಿಷ್ಟರಿಂದ ಇಪ್ಪತ್ತು ಮನೆ ಹಿಡಿದೆವು. ಯಾರಿಗೆ ಎಷ್ಟು ಕೆಜಿ ಅಂತ ಬರೆದುಕೊಂಡು ಅಷ್ಟೇ ಬೀಸಿಸಿ. ರಾಗಿ ವರ್ಷಗಟ್ಟಲೆ ಇರುತ್ತದೆ, ಹಿಟ್ಟು ಹಾಗಲ್ಲ.

ಬೀಸುವುದಕ್ಕಿಂತ ಹಸನು ಮಾಡುವುದೇ ದೊಡ್ಡ ಕೆಲಸ. ಟಾರು ರಸ್ತೆ ಮೇಲೆ ಹರಡಿ ಬಸ್ಸು ಲಾರಿಯಿಂದ ತುಳಿಸಿದ ರಾಗಿಯಲ್ಲಿ ಕಲ್ಲು ಜಾಸ್ತಿ. ಅಂಥದ್ದನ್ನು ಸಂಘದವರು ತಂದರೂ ನಾವು ತಗೊಳ್ಳುವುದಿಲ್ಲ. ಇದಕ್ಕೇ ಒಂದೆರಡು ಜಗಳ ಆಗಿದೆ. ಮೊರದಲ್ಲಿ ಕೇರಿ, ನೀರಲ್ಲಿ ಜಾಲಿಸಿ, ಚೆನ್ನಾಗಿ ಒಣಗಿಸಿ. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು.

ಗಿರಣಿಯಲ್ಲಿ ಮೊದಲು ಬೀಳುವ ಒಂದೆರಡು ಸೇರು ಹಿಟ್ಟನ್ನು ಬೇರೆ ಇಡಿ. ಹಿಂದಿನವರ ಗೋಧಿಯೋ ಜೋಳವೋ ಕಲ್ಲಲ್ಲಿ ಉಳಿದಿರುತ್ತದಲ್ವಾ? ಅದು ನಮ್ಮನೆ ಹಸುವಿಗೆ. ಬಿಸಿ ಹಿಟ್ಟನ್ನು ಮಾತ್ರ ಕವರಿಗೆ ತುಂಬಲೇಬೇಡಿ. ಬಸ್ಸಿಗೆ ಹೊತ್ತಾಯ್ತು ಅಂತ ನಾನೊಮ್ಮೆ ತುಂಬಿದೆ. ಒಳಗೆ ಬೆವರಿ ಗಂಟು ಕಟ್ಟಿತು, ಹನ್ನೆರಡು ಕೆಜಿ ವಾಪಸ್ ಬಂತು. ಈಗ ರಾತ್ರಿಯೆಲ್ಲ ಪಂಚೆ ಮೇಲೆ ಹರಡಿ ಆರಿಸುತ್ತೇವೆ.

ಬೆಲೆ ಹೇಗೆ? 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49ರ ಹತ್ತಿರ. ಅದಕ್ಕೆ ಕಸಕಲ್ಲಲ್ಲಿ ಹೋಗುವ ತೂಕ, ಬೀಸುವ ಕೂಲಿ, ಕವರು, ಬಸ್ಸಿನ ಲಗೇಜು ಸೇರಿಸಿ. ನಿಮ್ಮ ಕೂಲಿಯನ್ನೂ ಬರೆಯಿರಿ. "ಹೇಗೂ ಸುಮ್ನೆ ಕೂತಿರ್ತೀವಲ್ಲ" ಅಂತ ಮೂರು ತಿಂಗಳು ನಾವು ಅದನ್ನು ಬಿಟ್ಟೆವು, ಲಾಭ ಬಂತು ಅಂತ ಹೋಳಿಗೆಯನ್ನೂ ಮಾಡಿಕೊಂಡು ತಿಂದೆವು!

ಬೆಳೆದ ರಾಗಿಯನ್ನು ರೈತರು ಹಾಗೇ ಮಾರಿದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಬೇಕಿಲ್ಲ. ಹಿಟ್ಟು ಮಾಡಿ ಮಾರಿದರೆ ಬೇಕು. ಆ 14 ಅಂಕಿಯ ನಂಬರು, ತೂಕ, ಬೆಲೆ, ತುಂಬಿದ ದಿನ, ವಿಳಾಸ ಚೀಟಿ ಮೇಲಿರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಹಾಕಿಸಿ.

ಗಿರಣಿಯಣ್ಣ ಮುಂಚೆ ವಾರಕ್ಕೆರಡು ದಿನ ಬಾಗಿಲು ಹಾಕುತ್ತಿದ್ದ. ಈಗ ಮಂಗಳವಾರ ಪೂರ್ತಿ ನಮಗೇ ಬಿಟ್ಟಿದ್ದಾನೆ. ಹಿಟ್ಟು ಬಸ್‌ಸ್ಟ್ಯಾಂಡಿಗೆ ಸಾಗಿಸುವ ಆಟೋ ಹುಡುಗನಿಗೂ ಬುಧವಾರದ ಬಾಡಿಗೆ ಖಾಯಂ. ಕರೆಂಟು ಕೈ ಕೊಡದಿದ್ದರೆ, ಅಷ್ಟೇ.